ರತ್ನವ್ವನ ಮಗಳ ಎಡಗಾಲು

ಇಳಕಲ್ಲಿನ ನಮ್ಮ ಓಣಿಯಲ್ಲಿ ಮೂವತ್ತು ದಾಟಿದವರ ಮೂಗುಗಳೆಲ್ಲ ಹೆಚ್ಚುಕಡಿಮೆ ಒಂದೇ ತರ ಇವೆ. ಅದಕ್ಕೆ ಕಾರಣ ಗುಲಾಬಬಿ. ಎಣ್ಣೆ ಹಚ್ಚಿ ಎರೆಯುವಾಗ ಕೂಸಿನ ಮೂಗು ಹಿಡಿದು ನೆಟ್ಟಗೆ ಮಾಡದೆ ಅವಳು ಬಿಡುತ್ತಿರಲಿಲ್ಲ. ನನ್ನದೊಂದೇ ಅವಳ ಕೈಗೆ ಬಗ್ಗಲಿಲ್ಲವಂತೆ. ಅದನ್ನು ಬಂದವರೆದುರೆಲ್ಲ ಹೇಳಿ ನಗುತ್ತಿದ್ದಳು.

ಬೆಳಗಾಗುತ್ತಲೇ ಬರುವಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಔಡಲೆಣ್ಣೆ ತಿಕ್ಕುವಳು. ಕೂಸಾದ ಮೇಲೆ ಬಾಣಂತಿ. ಮಧ್ಯಾಹ್ನ ಮಗ್ಗದಲ್ಲಿ ಕೂತು ಸೊಂಟ ಹಿಡಿದ ಹೆಂಗಸರು. ಕೊಟ್ಟಷ್ಟು ಜೋಳ, ಉಟ್ಟುಬಿಟ್ಟ ಸೀರೆ, ಇಷ್ಟರಲ್ಲೇ ಅವಳ ಬದುಕು. ಗಂಡ ಬೇಗ ತೀರಿದ್ದ, ಮಕ್ಕಳಿರಲಿಲ್ಲ. ಓಣಿಯ ಕೂಸುಗಳೆಲ್ಲ ನನ್ನವೇ ಎನ್ನುವಳು. ಆದರೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದವರು ಮೂರರಲ್ಲೋ ಐದರಲ್ಲೋ ಬೆಸ ತಿಂಗಳು ನೋಡಿ ಗಂಡನ ಮನೆಗೆ ಹೊರಟುಬಿಡುತ್ತಾರೆ. ಕೂಸು ಅವಳ ಗುರುತು ಹಿಡಿದು ನಗಲು ಶುರುಮಾಡುವ ಹೊತ್ತಿಗೇ ಬಸ್ಸು ಹತ್ತುತ್ತಿತ್ತು. ಹಾಗೆ ಒಂದು ಕೂಸು ಹೋದ ದಿನ ಗುಲಾಬಬಿ ಒಲೆ ಹಚ್ಚುತ್ತಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಪಕ್ಕದ ಮನೆಯ ಬಾಳವ್ವನ ಮಗಳು ರತ್ನವ್ವ ಹೆಣ್ಣು ಹೆತ್ತಳು. ಕೂಸಿನ ಎಡಪಾದ ಒಳಕ್ಕೆ ತಿರುಗಿತ್ತು. ಬಾಳವ್ವ ಅಳುತ್ತ ಕೂತಳು. ಗುಲಾಬಬಿ ಆ ಪಾದವನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಹೊರಕ್ಕೆ ತಿರುಗಿಸಿ ನೋಡಿದಳು.

“ಎಲುಬು ಇನ್ನಾ ಎಳೀದೈತಿ ಬಾಳವ್ವಾ. ಏಳ ತಿಂಗಳ ನನ್ನ ಕೈಯಾಗ ಕೊಡ. ನಡಿಯೂಹಂಗ ಮಾಡಿ ಕೊಡ್ತೇನಿ.”

ಅದೇ ತಿಂಗಳು ಊರಲ್ಲಿ ಹೊಸದಾಗಿ ತೆರೆದ ಹೆರಿಗೆ ದವಾಖಾನೆಯಿಂದ ಅವಳಿಗೆ ಕರೆ ಬಂತು. ಬಾಣಂತಿಯರಿಗೆ ಎಣ್ಣೆ ತಿಕ್ಕುವ ಕೆಲಸ, ತಿಂಗಳ ಪಗಾರ, ಉಡಲು ಬಿಳಿ ಸೀರೆ, ಎರಡು ವರ್ಷವಾದ ಮೇಲೆ ಕಾಯಂ. ಎಣ್ಣೆ ತಿಕ್ಕುವವಳಿಗೂ ನೌಕರಿ ಎಂಬುದೊಂದಿದೆ ಎನ್ನುವುದೇ ನಮಗೆ ಹೊಸ ಸುದ್ದಿ. ಆದರೆ ಬೆಳಗ್ಗೆ ಏಳಕ್ಕೆ ಹಾಜರಿರಬೇಕು. ಏಳಕ್ಕೆ ಅವಳು ಬಾಳವ್ವನ ಬಚ್ಚಲಲ್ಲಿರುತ್ತಿದ್ದಳು.

“ಕೂಸಿಗೆ ಸಂಜಿಮುಂದ ತಿಕ್ಕಿದ್ರ ಆಗೂದಿಲ್ಲೇನು?” ಎಂದು ನಾನು ರೇಗಿದೆ.

“ಮುಂಜಾನಿ ಬಿಸಿನೀರ ಬಿದ್ದಾಗಷ್ಟ ಆ ಕಾಲು ನನ್ನ ಮಾತ ಕೇಳತೈತಿ. ಸಂಜೀಕ ಬಿಗೀತೈತಿ,” ಎಂದಳು.

ಏಳು ತಿಂಗಳು ಕಾಯಿರಿ ಎಂದು ದವಾಖಾನೆಗೆ ಹೋಗಿ ಕೇಳಿದಳು. ಅವರೇಕೆ ಕಾಯುತ್ತಾರೆ? ಏಳನೇ ಕ್ಲಾಸು ಪಾಸಾದ ಬೇರೊಬ್ಬಳನ್ನು ಇಟ್ಟುಕೊಂಡರು. ನಾನು ಅವಳನ್ನು ಬಾಯಿಗೆ ಬಂದಂತೆ ಬೈದೆ. ಅವಳು ಎಣ್ಣೆ ಕಾಸುತ್ತಲೇ ಇದ್ದಳು.

ಐದನೇ ತಿಂಗಳಲ್ಲಿ ರತ್ನವ್ವನ ಅತ್ತೆ ಕರೆಯಲು ಬಂದಳು. ಮಗ ಸೊಲ್ಲಾಪುರದ ಪವರ್‌ಲೂಮಿನಲ್ಲಿದ್ದ. ಪಾದ ಅರ್ಧಕ್ಕಿಂತ ಹೆಚ್ಚು ತಿರುಗಿ ಬಂದಿತ್ತು. ಗುಲಾಬಬಿ ಕೈಮುಗಿದು ನಿಂತಳು.

“ಇನ್ನೆರಡ ತಿಂಗಳ ಬಿಡ್ರಿ ಅಕ್ಕಾರ. ಏಳನೇದೂ ಬೆಸಾನ ಐತಿ. ಪದ್ಧತಿ ಏನೂ ತಪ್ಪೂದಿಲ್ರಿ.”

“ನನ್ನ ಮಗ ಖಾನಾವಳಿ ಕೂಳ ತಿಂದು ಸೊರಗ್ಯಾನ. ಹೆಣ್ಣ ಕೂಸಿನ ಕಾಲು, ನಾಳೆ ಸೀರ್ಯಾಗ ಮುಚ್ಚಿ ಹೋಗತೈತಿ ತಗೋ,” ಎಂದಳು ಅತ್ತೆ.

ಆ ಹೆಂಗಸಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಗುಲಾಬಬಿ ಮಾತ್ರ ಸಿಟ್ಟಾಗಲಿಲ್ಲ. ಬಸ್ಸು ಬರುವವರೆಗೂ ರತ್ನವ್ವನ ಬೆರಳು ಹಿಡಿದು, ಎಲ್ಲಿ ಒತ್ತಬೇಕು, ಎಷ್ಟು ತಿರುಗಿಸಬೇಕು ಎಂದು ಕೂಸಿನ ಪಾದದ ಮೇಲೆ ತೋರಿಸುತ್ತಲೇ ಇದ್ದಳು.

ಆಮೇಲೆ ಸೊಲ್ಲಾಪುರದಿಂದ ಯಾರು ಬರಲಿ, ಅವಳದು ಒಂದೇ ಪ್ರಶ್ನೆ: “ರತ್ನವ್ವನ ಮಗಳು ಹೆಂಗ ನಡೀತಾಳ್ರಿ?” ಎಲ್ಲರೂ ಆರಾಮ ಇದ್ದಾಳೆ ಎನ್ನುತ್ತಿದ್ದರು. ಕಾಗದದಲ್ಲೂ ಅದೇ ಮಾತು. ಹೆಂಗೆ ನಡೆಯುತ್ತಾಳೆ ಎಂದು ಯಾರೂ ಬರೆಯಲಿಲ್ಲ. ಅಷ್ಟರಲ್ಲಿ ಹೆರಿಗೆಗಳೆಲ್ಲ ದವಾಖಾನೆಗೆ ಹೋದವು, ಅಲ್ಲಿಯವಳು ಕಾಯಂ ಆದಳು, ಗುಲಾಬಬಿಯನ್ನು ಕರೆಯುವ ಮನೆಗಳು ಮೂರೋ ನಾಲ್ಕೋ ಉಳಿದವು. ಆದರೂ ದಿನಾ ಸಂಜೆ ಸೊಲ್ಲಾಪುರದ ಬಸ್ಸಿನ ಹೊತ್ತಿಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

ಎಂಬತ್ತೆಂಟರಲ್ಲಿ ತಮ್ಮನ ಮದುವೆಗೆಂದು ರತ್ನವ್ವ ಮೊದಲ ಸಲ ತವರಿಗೆ ಬಂದಳು. ಜೊತೆಗೆ ಒಂಬತ್ತು ವರ್ಷದ ಮಗಳು, ನೆಲ ಮುಟ್ಟುವ ಉದ್ದ ಲಂಗದಲ್ಲಿ. ಕಾಲು ಕಾಣುತ್ತಿರಲಿಲ್ಲ. ಲಂಗ ಎತ್ತಿ ತೋರಿಸು ಎನ್ನಲು ಗುಲಾಬಬಿಗೆ ಮನಸ್ಸು ಬರಲಿಲ್ಲ.

“ಯವ್ವಾ, ನನ್ನ ಬೆನ್ನ ಹಿಡದೈತಿ. ಒಂದೀಟ ತುಳೀತೀಯೇನ?” ಎಂದಳು.

ಹಿರಿಯರ ಬೆನ್ನು ತುಳಿಯುವುದು ನಮ್ಮಲ್ಲಿ ಮಕ್ಕಳ ಕೆಲಸವೇ. ಆದರೆ ಊರ ಬೆನ್ನೆಲ್ಲ ತಿಕ್ಕಿದ ಗುಲಾಬಬಿ ತನ್ನ ಬೆನ್ನು ಯಾರಿಗಾದರೂ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಚಾಪೆಯ ಮೇಲೆ ಬೋರಲು ಮಲಗಿದಳು. ಹುಡುಗಿ ಗೋಡೆ ಹಿಡಿದು ಹತ್ತಿ, ಸೊಂಟದಿಂದ ಹೆಗಲವರೆಗೆ ನಿಧಾನ ನಡೆದಳು. ನಾನು ಬಾಗಿಲಲ್ಲಿ ನಿಂತಿದ್ದೆ.

“ಬಲಗಾಲು ಪೂರ್ತಿ ಊರತಾಳ,” ಎಂದಳು ಗುಲಾಬಬಿ, ಕಣ್ಣು ಮುಚ್ಚಿಕೊಂಡೇ. “ಎಡಗಾಲು ಮದಲ ಅಂಚಿನ ಮ್ಯಾಲ ಬೀಳತೈತಿ. ಆಮ್ಯಾಲ ಕೂಡತೈತಿ. ಭಾಳ ಇಲ್ಲ. ಎರಡ ತಿಂಗಳಿನಷ್ಟ ಐತಿ.”

ಅವಳ ಕಣ್ಣೀರು ಚಾಪೆಗೆ ಇಳಿಯುತ್ತಿತ್ತು. ಹುಡುಗಿ ಗಾಬರಿಯಾಗಿ ನಿಂತಳು.

“ನೋವಾತೇನ ಆಯೀ? ಇಳೀಲೇನು?”

“ಬ್ಯಾಡವ್ವಾ, ಇಳೀಬ್ಯಾಡ,” ಎಂದಳು ಗುಲಾಬಬಿ. “ಇನ್ನೊಮ್ಮೆ ನಡಿ.”