ಅಂಬಲಿ ಊಟದ ಲೆಕ್ಕಕ್ಕಿಲ್ಲ

ನನ್ನ ಬಲ ಶ್ವಾಸಕೋಶದಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ ಕಾಣಿಸಿತು. ಕ್ಯಾನ್ಸರ್ ಎಂದೇ ಖಚಿತವಾಯಿತು. ಹೃದಯ ದುರ್ಬಲ, ಆಪರೇಷನ್ ತಡೆಯುವುದಿಲ್ಲ ಎಂದರು ಜಯನಗರದ ಡಾಕ್ಟರು. ಬದಲಿಗೆ ಪಕ್ಕೆಲುಬುಗಳ ನಡುವೆ ಸಪೂರ ಸೂಜಿ ತೂರಿಸಿ, ಅದರ ತುದಿಯಿಂದ ಕಾವು ಕೊಟ್ಟು ಗಡ್ಡೆಯನ್ನು ಇದ್ದಲ್ಲೇ ಸುಡುತ್ತಾರಂತೆ. ಪೂರ್ತಿ ಸುಟ್ಟರೆ ಗೆದ್ದಂತೆ. ಚೂರು ಉಳಿದರೂ ಮತ್ತೆ ಬೆಳೆಯಬಹುದು. ನನಗೆ ಭಯವಾಯಿತು. ಆದರೆ ಭಯಪಡಲು ನಮ್ಮ ಮನೆಯಲ್ಲಿ ಪುರುಸೊತ್ತು ಎಲ್ಲಿ?

ಅತ್ತೆ ಇದ್ದಾರಲ್ಲ. ಎಂಬತ್ತು ದಾಟಿದರೂ ಹುಳಿಮಾವು ಊರಿನ ನಮ್ಮ ಮನೆಯ ಆಡಳಿತ ಅವರದೇ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮ ಬಾಡಿಗೆ ಮನೆಗಳು ಎದ್ದಿವೆ, ಅತ್ತೆಯ ಮನೆಮದ್ದು ಮಾತ್ರ ಬದಲಾಗಿಲ್ಲ. ಕಣ್ಣುರಿಯಿಂದ ಹಿಡಿದು ಮೊಮ್ಮಗನ ಸಿಟ್ಟಿನವರೆಗೆ ಎಲ್ಲಕ್ಕೂ ಕಾರಣ ಉಷ್ಣ, ಎಲ್ಲಕ್ಕೂ ಮದ್ದು ತಂಪು.

“ಒಳಗೇ ಬೆಂಕಿ ಇಡ್ತಾರಾ? ಮೊದ್ಲೇ ನಿಂದು ಉಷ್ಣದ ಮೈ,” ಎನ್ನುತ್ತ ನನ್ನ ನೆತ್ತಿಗೆ ಹರಳೆಣ್ಣೆ ತಟ್ಟಿದರು. ಆ ವಾರವೆಲ್ಲ ಮೆಂತ್ಯ, ಮಜ್ಜಿಗೆ, ಸೌತೆಕಾಯಿ. ನನಗೂ ಬಾಯಿ ಕಡಿಮೆಯಿಲ್ಲ, ಆದರೆ ತಂಪಿನ ವಿಷಯದಲ್ಲಿ ಅವರೊಡನೆ ವಾದಕ್ಕಿಳಿಯುವಷ್ಟು ದಡ್ಡಿಯಲ್ಲ.

ಚಿಕಿತ್ಸೆಯ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿದ್ದರು. ತಿಂಡಿ ತಿನ್ನಲಿಲ್ಲ, ಕಾಫಿಯನ್ನೂ ಮುಟ್ಟಲಿಲ್ಲ. ಹೊರಡುವಾಗ ಅತ್ತೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯ ಚೊಂಬು ಹಿಡಿದು ಬಾಗಿಲಲ್ಲಿ ನಿಂತರು. ನಮ್ಮಲ್ಲಿ ಅಂಬಲಿ ಊಟದ ಲೆಕ್ಕಕ್ಕೆ ಬರುವುದಿಲ್ಲ. ಹಿಂದೆ ಹೊಲಕ್ಕೆ ಹೋಗುವವರು ಹೊಟ್ಟೆ ತುಂಬ ಅದನ್ನೇ ಕುಡಿದು, ಇನ್ನೂ ಏನೂ ತಿಂದಿಲ್ಲ ಎನ್ನುತ್ತಿದ್ದರು. ನಾನೂ ಗಟಗಟ ಕುಡಿದು ಕಾರು ಹತ್ತಿದೆ. ಹಿಂದೆಯೇ ಅತ್ತೆಯೂ ಹತ್ತಿ ಕೂತರು.

“ಬೆಳಗ್ಗೆಯಿಂದ ಏನಾದ್ರೂ ತಗೊಂಡ್ರಾ ಆಂಟಿ?” ಎಂದಳು ಆಸ್ಪತ್ರೆಯ ನರ್ಸ್.

“ಏನೂ ಇಲ್ಲಮ್ಮ,” ಎಂದೆ.

ಅತ್ತೆ ನನ್ನ ಮಾತಿಗೆ ಸಾಕ್ಷಿ ನುಡಿದರು. “ಏನೂ ತಿಂದಿಲ್ಲ ಕಣಮ್ಮ. ತಂಪಿಗೆ ಅಂತ ಒಂದು ಚೊಂಬು ಅಂಬಲಿ ಕುಡ್ಸಿದೀನಿ, ಅಷ್ಟೇ.”

ನರ್ಸ್ ಓಡಿಹೋಗಿ ಡಾಕ್ಟರನ್ನು ಕರೆತಂದಳು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಉಸಿರಿನ ದಾರಿಗೆ ಬಂದರೆ ಅಪಾಯವಂತೆ. ಚಿಕಿತ್ಸೆ ಮರುದಿನಕ್ಕೆ ಹೋಯಿತು. “ನಿಮ್ಮ ತಂಪು ಸಾಕು ಅತ್ತೆ, ಸುಮ್ನಿರಿ,” ಎಂದು ರೇಗಿದೆ. “ತಪ್ಪಾಯ್ತು ಕಣೇ,” ಎಂದುಬಿಟ್ಟರು ಅವರು. ಅದು ನನ್ನನ್ನು ಗಡ್ಡೆಗಿಂತ ಹೆಚ್ಚು ಹೆದರಿಸಿತು.

ಮರುದಿನ ಸುಟ್ಟರು. ಎಚ್ಚರವಾದಾಗ ಪಕ್ಕೆಯಲ್ಲಿ ಸ್ವಲ್ಪ ನೋವು, ಪುಟ್ಟದೊಂದು ಪಟ್ಟಿ, ವಿಪರೀತ ಹಸಿವು. ಆದರೆ ಪೂರ್ತಿ ಸುಟ್ಟಿದೆಯೋ ಇಲ್ಲವೋ ಎಂಬುದು ತಿಂಗಳ ನಂತರದ ಸ್ಕ್ಯಾನಿನಲ್ಲೇ ತಿಳಿಯಬೇಕಿತ್ತು. ಅದಕ್ಕೂ ಅತ್ತೆ ಹಟ ಹಿಡಿದು ಜೊತೆಗೆ ಬಂದರು.

“ಗಡ್ಡೆ ಇದ್ದ ಕಡೆ ಸುಟ್ಟ ಕಲೆ ಮಾತ್ರ ಇದೆ,” ಎಂದರು ಡಾಕ್ಟರು. “ಆಗಾಗ ಸ್ಕ್ಯಾನ್ ಮಾಡಿಸ್ತಿರಿ. ಈಗ ಆರಾಮಾಗಿ ಮನೆಗೆ ಹೋಗಿ.”

ಹೊರಗೆ ಬೆಂಚಿನ ಮೇಲೆ ಕುಸಿದು ಕೂತ ಅತ್ತೆ ನನ್ನ ಕೈ ಹಿಡಿದು ಅತ್ತರು. “ನಾ ಸಾಯೋವಾಗ ಬಾಯಿಗೆ ನೀರು ಬಿಡೋಕೆ ನೀನಿರ್ಬೇಕು ಕಣೇ. ನೀನೇ ಮುಂದಾಗ್ಬಿಟ್ರೆ ಏನ್ಮಾಡ್ಲಿ ಅಂತ ಹೆದ್ರಿದ್ದೆ.”

ಮಗನಿದ್ದಾನೆ, ಮೊಮ್ಮಗನಿದ್ದಾನೆ. ಆದರೂ ಆ ಕೊನೆಯ ನೀರು ನನ್ನ ಕೈಯಿಂದಲೇ ಬೇಕಂತೆ ಅವರಿಗೆ.

“ಬಿಡ್ತೀನಿ ಅತ್ತೆ,” ಎಂದೆ. “ಆದ್ರೆ ನಿಧಾನಕ್ಕೆ ಹೋಗಿ. ನಂಗೀಗ ಅವಸರ ಇಲ್ಲ.”