ಕುಣಿಯುವ ಕುದುರೆಯ ಬಾಯಿ

ದಾವಣಗೆರೆಯಿಂದ ಹರಿಹರದವರೆಗೆ ಮದುಮಗನ ಮೆರವಣಿಗೆಗೆ ಕುದುರೆ ಬೇಕೆಂದರೆ ಜನ ಮೊದಲು ಕೇಳುತ್ತಿದ್ದುದು ಮಕ್ತುಮ್ ಸಾಬರ ಚಾಂದನಿಯನ್ನೇ. ಬಿಳಿ ಕುದುರೆಗಳು ಬೇರೆಯವರ ಹತ್ತಿರವೂ ಇದ್ದವು. ಆದರೆ ಬ್ಯಾಂಡ್‌ಸೆಟ್ಟಿನ ಮುಂದೆ ತಲೆ ಕೊಡವಿ, ಮುಂಗಾಲು ಎತ್ತೆತ್ತಿ ಇಟ್ಟು ಕುಣಿಯುವುದು ಇದೊಂದೇ. ಗುಟ್ಟೇನೆಂದು ಕೇಳಿದರೆ ಸಾಬರು ಮೀಸೆಯಲ್ಲೇ ನಕ್ಕು, "ಏನೂ ಇಲ್ರಿ, ಕೈ ಎತ್ತಿ ಎಡಗಡೆ ಲಗಾಮು ಇಷ್ಟೇ ಇಷ್ಟು ಜಗ್ಗೋದು. ಒಂದು ಇಶಾರಾ ಸಾಕು ನಮ್ ಚಾಂದನಿಗೆ" ಅನ್ನುತ್ತಿದ್ದರು. ಜಂಬ ಇತ್ತು ಮನುಷ್ಯನಿಗೆ, ಇಲ್ಲ ಅನ್ನುವುದು ಯಾಕೆ? ಟಾಂಗಾ ಹೊಡೆದೇ ಸವೆದುಹೋದ ಅಪ್ಪನ ಮಗ. ಈಗ ಯಾವ ಕಲ್ಯಾಣಮಂಟಪಕ್ಕೆ ಹೋದರೂ ಕುರ್ಚಿ ಎಳೆದು ಕೂರಿಸುತ್ತಿದ್ದರು.

ಈ ಸಲ ಮದುವೆ ಸೀಸನ್ನಿನ ನಡುವೆ ಚಾಂದನಿ ಮೇವು ಬಿಡತೊಡಗಿತು. ಹುಲ್ಲನ್ನು ಅಗಿದು ಅಗಿದು ಉಂಡೆ ಮಾಡಿ ನೆಲಕ್ಕೆ ಬೀಳಿಸುತ್ತಿತ್ತು. ಅದನ್ನು ಮೊದಲು ಕಂಡವಳು ಹೆಂಡತಿ ಜೈನಾಬಿ.

"ಏನ್ರಿ, ಇದರ ಬಾಯಾಗ ಏನೋ ಐತೆ. ಡಾಕ್ಟ್ರಿಗೆ ತೋರಸ್ರಿ."

"ಬಾಯಿ ನೋಡ್ಬೇಕಂದ್ರೆ ಮಂಪರಿನ ಸೂಜಿ ಹಾಕ್ತಾರೆ. ಮಬ್ಬು ಹಿಡಿದು ಕುಣಿಯೋದೇ ಮರೆತುಬಿಟ್ರೆ? ಸೀಸನ್ ಮುಗೀಲಿ ತಡಿ."

ಈ ಮಾತನ್ನು ಅವರು ಇಂದು ನಿನ್ನೆಯಿಂದ ಹೇಳುತ್ತಿದ್ದುದಲ್ಲ. ವರ್ಷಕ್ಕೊಮ್ಮೆ ಲಸಿಕೆ ಹಾಕಲು ಬರುವ ಡಾಕ್ಟರ್ ಚೈತ್ರಾ ಪ್ರತಿಸಲವೂ, ಕುದುರೆಯ ಹಲ್ಲು ಬೆಳೆಯುತ್ತಲೇ ಇರುತ್ತದೆ, ವರ್ಷಕ್ಕೊಮ್ಮೆ ಉಜ್ಜಿಸಬೇಕು ಅಂತ ಬಡಕೊಂಡಿದ್ದರು. ಸಾಬರು ತಲೆಯಾಡಿಸಿ ಚಹಾ ಕುಡಿಸಿ ಕಳಿಸಿದ್ದರು. ಕೊನೆಗೆ ಪಕ್ಕೆಲುಬು ಎದ್ದು ಕಾಣತೊಡಗಿದ ಮೇಲೆ ತಾವೇ ಫೋನ್ ಮಾಡಿದರು.

ಸರಸ್ವತಿ ನಗರದ ಮನೆಯ ಹಿಂದಿನ ಶೆಡ್ಡಿನಲ್ಲಿ ಡಾಕ್ಟರ್ ಕುತ್ತಿಗೆಯ ನರ ಹುಡುಕಿ ಸೂಜಿ ಹಾಕಿದರು. ಸ್ವಲ್ಪ ಹೊತ್ತಿಗೆಲ್ಲ ಚಾಂದನಿಯ ಕೆಳತುಟಿ ಜೋತುಬಿತ್ತು, ತಲೆ ಮೆಲ್ಲಗೆ ಇಳಿಯುತ್ತಾ ಮೊಣಕಾಲ ಹತ್ತಿರ ಬಂದು ನಿಂತಿತು.

"ಬಿದ್ದುಬಿಡ್ತೈತೇನ್ರಿ ಮೇಡಮ್?"

"ಇಲ್ಲ ಸಾಬ್ರೇ, ನಿಂತೇ ತೂಕಡಿಸ್ತೈತೆ. ಪೂರ್ತಿ ಎಚ್ಚರ ಆಗೋತನಕ ಹುಲ್ಲು ಹುರುಳಿ ಏನೂ ಕೊಡಬ್ಯಾಡ್ರಿ, ಗಂಟಲಾಗ ಸಿಕ್ಕೊಂತೈತೆ."

ಚಾಂದನಿಯ ತಲೆ ಇಷ್ಟು ಅಲುಗದೆ ನಿಂತದ್ದನ್ನು ಸಾಬರು ಎಂದೂ ನೋಡಿರಲಿಲ್ಲ. ಮನೆಯಲ್ಲಿ ಕಟ್ಟಿದಾಗಲೂ ಆಗಾಗ ತಲೆ ಕೊಡವುತ್ತಲೇ ಇರುತ್ತಿತ್ತು. ಕುಣಿಯುವ ರಕ್ತ ಅದರದು ಅಂದುಕೊಂಡಿದ್ದರು.

ಬಾಯಿ ಮುಚ್ಚದಂತೆ ಕಬ್ಬಿಣದ ಚೌಕಟ್ಟು ಸಿಕ್ಕಿಸಿ, ಡಾಕ್ಟರ್ ಟಾರ್ಚ್ ಬಿಟ್ಟು ನೋಡಿದರು. "ಬರ್ರಿ ಇಲ್ಲಿ. ಎಡಗಡೆ ಮೇಲಿನ ದವಡೆಗೆ ಬೆರಳು ಇಡ್ರಿ."

ಇಟ್ಟರು. ಹಲ್ಲಿನ ಹೊರ ಅಂಚು ಒಡೆದ ಗಾಜಿನ ಬಳೆಯಂತೆ ಚುಚ್ಚಿತು. ಅದರ ಎದುರಿಗೆ ಕೆನ್ನೆಯ ಒಳಭಾಗ ಹಸಿ ಹುಣ್ಣು. ಹುಣ್ಣಿನ ಸುತ್ತ ಗಂಟುಗಂಟಾಗಿ ಹಳೆಯ ಗಾಯಗಳು, ಒಂದು ಮಾಯುವ ಮೊದಲೇ ಇನ್ನೊಂದು ಆದಂಥವು.

"ಲಗಾಮು ಜಗ್ಗಿದಾಗೆಲ್ಲ ಕೆನ್ನೆ ಈ ಅಂಚಿಗೆ ಹೋಗಿ ಒತ್ತತೈತೆ ನೋಡ್ರಿ" ಅಂದರು ಡಾಕ್ಟರ್. "ಜೀವ ಹೋಗೋವಷ್ಟು ನೋವು ಇರ್ತೈತೆ. ತಲೆ ಗಿಲೆ ಕೊಡವ್ತಿತ್ತಾ?"

ಜೈನಾಬಿ ಗಂಡನ ಮುಖ ನೋಡಿದಳು.

"ಕುಣೀತಿತ್ತು" ಅಂದರು ಸಾಬರು.

ಡಾಕ್ಟರ್ ಉದ್ದನೆಯ ಅರ ತೆಗೆದು ಉಜ್ಜತೊಡಗಿದರು. ಕರಕರ ಸದ್ದಿಗೆ ಸಾಬರ ಹಲ್ಲೇ ಜುಮ್ಮೆಂದಿತು; ಚಾಂದನಿಗೆ ಏನೂ ಗೊತ್ತಾಗಲಿಲ್ಲ. ಅದರ ಭಾರದ ತಲೆಯನ್ನು ಹೆಗಲ ಮೇಲೆ ಹೊತ್ತು ನಿಂತ ಸಾಬರಿಗೆ ಕುಣಿಸಿದ ಒಂದೊಂದು ಬೀದಿಯೂ ನೆನಪಾಯಿತು. ಪಿ.ಜೆ. ಬಡಾವಣೆಯ ಮದುವೆಯೊಂದರಲ್ಲಿ ಜನ 'ಇನ್ನೊಮ್ಮೆ, ಇನ್ನೊಮ್ಮೆ' ಅಂದಷ್ಟು ಸಲ ಜಗ್ಗಿದ್ದರು. ಆಮೇಲೆ ಹೋಳಿಗೆ ಊಟ ಮಾಡಿದ್ದರು. ಅಂದು ರಾತ್ರಿ ಅದು ಹುರುಳಿ ಮುಟ್ಟಿರಲಿಲ್ಲ. ಸೊಕ್ಕು ಅಂತ ಬೈದು ಮಲಗಿದ್ದರು. ಈಗ ಡಾಕ್ಟರ್ ಎದುರಿಗೇ ಅತ್ತುಬಿಟ್ಟರು.

ಒಂದು ತಿಂಗಳು ಲಗಾಮು ಹಾಕಬಾರದು, ಬರೀ ಹಗ್ಗದ ಮುಖಕಟ್ಟು ಹಾಕಿ ನಿಧಾನಕ್ಕೆ ನಡೆಸಬಹುದು ಅಂದರು ಡಾಕ್ಟರ್. ಹರಿಹರದ ಗುರುಮೂರ್ತಿಯವರ ಮಗನ ಮದುವೆಗೆ ಮೊದಲೇ ಮಾತು ಕೊಟ್ಟಾಗಿತ್ತು. ಸಾಬರು ಫೋನಿನಲ್ಲಿ, "ಕುದುರೆ ತರ್ತೀನಿ, ಆದ್ರೆ ಇನ್ಮೇಲೆ ಕುಣಿಯಲ್ರಿ ಅದು" ಅಂದರು. "ಬರ್ರಿ ಬರ್ರಿ, ನಿಮ್ಮ ತಮಾಷೆ ನಮಗೆ ಗೊತ್ತಿಲ್ವಾ" ಅಂತ ಅವರು ನಕ್ಕರು.

ಮದುವೆಯ ಬೆಳಿಗ್ಗೆ ಚಾಂದನಿ ಮುಖಕಟ್ಟಿನಲ್ಲಿ ಹಸುವಿನಷ್ಟು ಸಮಾಧಾನವಾಗಿ ನಡೆಯಿತು. ಹುಣ್ಣು ಮಾಯುತ್ತಿತ್ತು, ಮೇವೂ ತಿನ್ನುತ್ತಿತ್ತು. ಹೆಸರು ಹೋದರೆ ಹೋಗಲಿ, ಹೀಗೇ ನಡೆದರೆ ಸಾಕು ಅಂತ ಸಾಬರ ಮನಸ್ಸು ಹಗುರಾಯಿತು. ಮಂಟಪದ ತಿರುವಿನಲ್ಲಿ ಬ್ಯಾಂಡ್ ಜೋರಾಯಿತು. "ಕುಣಿಸ್ರೀ ಸಾಬ್ರೇ!" ಅಂತ ಹುಡುಗರು ಕೂಗಿದರು. ಆಗಲ್ಲ ಅನ್ನಲು ಸಾಬರು ಎಡಗೈ ಎತ್ತಿದರು, ಅಷ್ಟೇ.

ಚಾಂದನಿ ಕಣ್ಣಗಲಿಸಿ ತಲೆ ಕೊಡವಿತು. ಮುಂಗಾಲು ಎತ್ತಿತು. ಬಾಯಲ್ಲಿ ಲಗಾಮಿಲ್ಲ, ಹಗ್ಗವನ್ನು ಯಾರೂ ಜಗ್ಗಿಲ್ಲ. ಬರಲಿರುವ ನೋವಿಗೆ ಹೆದರಿ ತಾನೇ ಕುಣಿಯತೊಡಗಿತು. ಜನ ಸಿಳ್ಳೆ ಹೊಡೆದರು. ಗುರುಮೂರ್ತಿ ಬಂದು, "ಲಗಾಮೇ ಇಲ್ದೆ ಕುಣಿಸಿದ್ರಲ್ರೀ!" ಅಂತ ಬೆನ್ನು ತಟ್ಟಿದರು.

ಸಾಬರು ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಮಂಟಪ ಮುಟ್ಟುವವರೆಗೂ ಹೊರಗೆ ತೆಗೆಯಲಿಲ್ಲ.