ವರ್ನಾ ನಿಂತಲ್ಲಿಂದ ಕದಲಲಿಲ್ಲ

ಸಿನಿಮಾದಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ವರ್ನಾ ಲಿಂಡ್‌ಕ್ವಿಸ್ಟ್ “ನಿಲ್ಲೋದು” ಎನ್ನುತ್ತಿದ್ದಳು. ಸುಳ್ಳಲ್ಲ. ನಾಯಕಿ ಒಂದು ಬದಿಗೆ ಕೂತು ಕಾಫಿ ಕುಡಿಯುವಾಗ, ಅವಳಷ್ಟೇ ಎತ್ತರದ ವರ್ನಾ ಅವಳ ಜಾಗದಲ್ಲಿ ನಿಲ್ಲಬೇಕು. ದೀಪದವರು ಇವಳ ಮುಖ ನೋಡಿ ಬೆಳಕು ಹೊಂದಿಸುತ್ತಾರೆ. ಬೆಳಕು ಸರಿಯಾದ ಮೇಲೆ ನಾಯಕಿ ಬರುತ್ತಾಳೆ, ವರ್ನಾ ಹೋಗುತ್ತಾಳೆ. ಹಾಲಿವುಡ್‌ನಲ್ಲಿ ಇದೂ ಒಂದು ಉದ್ಯೋಗ. ಅವಳಿಗೇನೂ ಬೇಸರವಿರಲಿಲ್ಲ.

ಎರಡನೇ ಮಹಾಯುದ್ಧ ಜೋರಾಗಿದ್ದ ಕಾಲದಲ್ಲಿ ಒಂದು ಪತ್ರಕರ್ತರ ಚಿತ್ರ ಶುರುವಾಯಿತು. ಎದುರಾಳಿ ಪತ್ರಿಕೆಗಳ ಹೆಣ್ಣು ಗಂಡು ಲಂಡನ್ನಿಗೆ ಹೋಗಿ, ಒಬ್ಬರ ಸುದ್ದಿ ಒಬ್ಬರು ಕದ್ದು, ಕಚ್ಚಾಡುತ್ತಲೇ ಪ್ರೀತಿಯಲ್ಲಿ ಬೀಳುವ ಕತೆ. ನಾಯಕನ ಜಾಗದಲ್ಲಿ ನಿಲ್ಲಲು ಬಂದವನು ಆರಿನ್ ಟಟಲ್. ಮಾತೆತ್ತಿದರೆ ತಮಾಷೆ. ಉರಿಯುವ ದೀಪಗಳ ಕೆಳಗೆ ಅವನೊಂದಿಗೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತೂ ನಿಂತೂ ವರ್ನಾಗೆ ಅವನ ಮೇಲೆ ಮನಸ್ಸಾಯಿತು. ಅವನಿಗೂ ಆಗಿತ್ತು, ಸ್ಟುಡಿಯೋದ ಬೆಕ್ಕಿಗೂ ಅದು ಗೊತ್ತಿತ್ತು. ಆದರೆ ಆ ಪುಣ್ಯಾತ್ಮ ಬಾಯಿಬಿಟ್ಟು ಕೇಳಲೊಲ್ಲ.

ಚಿತ್ರೀಕರಣದ ಕಡೆಯ ದಿನ ಬಂದೇಬಿಟ್ಟಿತು. ಸೋಮವಾರ ಆರಿನ್ ಸೈನ್ಯಕ್ಕೆ ಹೊರಡಬೇಕು. ಪ್ಲೈವುಡ್ಡಿನ ರೈಲು ನಿಲ್ದಾಣದಲ್ಲಿ ವಿದಾಯದ ಮುತ್ತಿನ ದೃಶ್ಯ. ಇಬ್ಬರೂ ತಬ್ಬಿ ನಿಂತರು. ಇವತ್ತು ಕೇಳದಿದ್ದರೆ ಇವನು ಇನ್ನು ಕೇಳಿದ ಹಾಗೇ ಎಂದುಕೊಂಡಳು ವರ್ನಾ.

“ನಿನ್ನ ಬಾಯಲ್ಲಿ ಈರುಳ್ಳಿ ವಾಸನೆ,” ಅಂದ ಆರಿನ್.

“ಸೋಮವಾರದಿಂದ ಸಾರ್ಜೆಂಟ್ ವಾಸನೆ ನೋಡೀಯಂತೆ. ಬೇರೇನೂ ಹೇಳೋಕಿಲ್ವಾ?”

“ಇದೆ. ಕಾಲು ಜೋಮು ಹಿಡಿದಿದೆ.”

ಮೇಲೆ ಅಟ್ಟಣಿಗೆಯಲ್ಲಿ ದೀಪದ ಮುದುಕ ಗುಸ್ತಾವ್ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. “ಬೆಳಕು ಆಯ್ತೇನಯ್ಯಾ?” ಎಂದು ನಿರ್ದೇಶಕ ಗದರಿದ.

“ಇಲ್ಲ ಸ್ವಾಮಿ, ಹುಡುಗಿ ಕೆನ್ನೆ ಮೇಲೆ ನೆರಳು ಬೀಳ್ತಿದೆ,” ಎನ್ನುತ್ತ ಗುಸ್ತಾವ್ ಸರಿಯಿದ್ದ ದೀಪವನ್ನು ಬೇಕೆಂದೇ ಓರೆ ಮಾಡಿದ.

ವರ್ನಾ ತುಟಿ ಅಲುಗಿಸದೆ ಪಿಸುಗುಟ್ಟಿದಳು. “ಪಾಪ, ಅಜ್ಜ ಎಷ್ಟೂಂತ ಸುಳ್ಳು ಹೇಳ್ತಾನೆ? ಕೇಳೋದಿದ್ರೆ ಕೇಳು.”

ಆರಿನ್ನನ ನಗು ಮಾಯವಾಯಿತು. “ಕೇಳಿಬಿಟ್ಟು, ಆಮೇಲೆ ಅಲ್ಲೆಲ್ಲೋ ಸತ್ರೆ? ನಿನಗ್ಯಾಕೆ ಆ ಕರ್ಮ?”

“ಕೇಳದೆ ಸತ್ರೂ ನಾನು ಅಳೋಳೇ. ಅದು ನನ್ನ ಪಾಡು. ನೀನು ಕೇಳು.”

“ಮದುವೆ ಆಗ್ತೀಯಾ?”

ಅಷ್ಟರಲ್ಲಿ ತಾಳ್ಮೆಗೆಟ್ಟ ನಿರ್ದೇಶಕ ತಾರೆಯರನ್ನು ಕರೆಸಿ, ನಿಂತವರು ಈಚೆ ಬರಲಿ ಎಂದು ಕೂಗಿದ. ವರ್ನಾ ಕದಲಲಿಲ್ಲ. ಇಷ್ಟು ದಿನ ಕಾದ ಮಾತು ಈಗ ಕಿವಿಗೆ ಬಿದ್ದಿದೆ, ಅವನನ್ನು ತಬ್ಬಿದ ಕೈ ಬಿಡಲಿಲ್ಲ. ನಾಯಕಿ ಪಕ್ಕಕ್ಕೆ ಬಂದು ನಿಂತಳು.

“ಬೇಗ ಹೂಂ ಅನ್ನಮ್ಮ. ನನ್ನ ಬಣ್ಣ ಇಳೀತಾ ಇದೆ.”

“ಹೂಂ,” ಅಂದಳು ವರ್ನಾ. ಎಲ್ಲರೆದುರೇ ಅವನಿಗೆ ಮುತ್ತು ಕೊಟ್ಟಳು.

ಊರಲ್ಲೇ ಮದುವೆಯಾಗಲು ಕಾನೂನಿನ ಪ್ರಕಾರ ದಿನಗಟ್ಟಲೆ ಕಾಯಬೇಕು. ಪಕ್ಕದ ಅರಿಜೋನಾ ರಾಜ್ಯದ ಯೂಮಾಕ್ಕೆ ಹೋದರೆ ಆವತ್ತೇ ಆಗುತ್ತದೆ, ಆದರೆ ರೇಷನ್ ಕಾಲದಲ್ಲಿ ಅಷ್ಟು ಪೆಟ್ರೋಲ್ ಎಲ್ಲಿಂದ? ಯಾರೋ ಟೋಪಿ ಹಿಡಿದು ಹೊರಟರು. ಬಡಗಿಗಳು, ದರ್ಜಿಗಳು, ತಾರೆಯರು ಅದರೊಳಗೆ ತಮ್ಮ ತಮ್ಮ ರೇಷನ್ನಿನ ಪೆಟ್ರೋಲ್ ಚೀಟಿ ಹಾಕಿದರು. ನಿರ್ದೇಶಕನೂ ಬೈಯುತ್ತಲೇ ಹಾಕಿದ.

ಕಡೆಗೆ ಗುಸ್ತಾವ್ ಅಟ್ಟಣಿಗೆಯಿಂದ ಇಳಿದು ಬಂದು ಇನ್ನೊಂದು ಚೀಟಿಯನ್ನು ವರ್ನಾಳ ಕೈಗೇ ಕೊಟ್ಟ. “ಇದು ಯೂಮಾಕ್ಕಲ್ಲ, ಮಗಳೇ. ಇವನು ವಾಪಸ್ ಬರೋ ದಿನ ಬಂದರಿಗೆ ಹೋಗಿ ಕರ್ಕೊಂಡು ಬಾ.”

ಚೀಟಿಯ ಅವಧಿ ಆ ತಿಂಗಳಿಗೇ ಮುಗಿಯುತ್ತದೆಂದು ಕೊಟ್ಟವನಿಗೂ ತೆಗೆದುಕೊಂಡವಳಿಗೂ ಗೊತ್ತಿತ್ತು. ವರ್ನಾ ಅದನ್ನು ಮಡಚಿ ಜೋಪಾನವಾಗಿ ಜೇಬಿಗಿಟ್ಟುಕೊಂಡಳು.